ಏಕಾದಶಿಯ ಫೈನಲ್

ಉಂಡ ಮನೆಯ ಜಂತೆ ಎಣಿಸಬಾರದು ಅಂತ ಹಿರಿಯರು ಹೇಳಿಬಿಟ್ಟಿದ್ದಾರೆ. ಹೇಳುವವರಿಗೇನು, ಅವರು ಯಾವ ಪುಣ್ಯವಂತರ ಮನೆಯಲ್ಲಿ ಉಂಡಿದ್ದರೋ! ನಾನು ಸೇಲಂನಲ್ಲಿ ಮೂರು ವರ್ಷ ಬೇರೆಯವರ ಮನೆಯಲ್ಲಿ ಉಂಡವನು. ಇವತ್ತು ಕೂತು ಜಂತೆ ಎಣಿಸುತ್ತೇನೆ, ಯಾರು ಬೇಡ ಅನ್ನುತ್ತಾರೋ ನೋಡೋಣ.

ನನ್ನ ಹೆಸರು ಮುನಿರಾಜು. ಧರ್ಮಪುರಿ ಕಡೆಯ ಪಾಲಕೋಡ್ ಪಕ್ಕದ ಹಳ್ಳಿ, ತಮಿಳು ಸೀಮೆಯಲ್ಲಿ ಕನ್ನಡ ಮಾತಾಡುವ, ಕುರಿ ಸಾಕುವ ಮನೆ. ಪ್ಲಸ್ ಟೂ ಮುಗಿಸಿ ಪಾಲಕೋಡ್ ಟೊಮೆಟೊ ಮಂಡಿಯಲ್ಲಿ ಲಾರಿ ಮೇಲೆ ನಿಂತು, ಕೆಳಗಿನಿಂದ ಎಸೆಯುವ ಬುಟ್ಟಿಗಳನ್ನು ಹಿಡಿದು ಜೋಡಿಸುತ್ತಿದ್ದೆ. ಆರಡಿ ದಾಟಿದ ಆಳು, ಒಂದು ಬುಟ್ಟಿಯೂ ಕೈತಪ್ಪುತ್ತಿರಲಿಲ್ಲ. ಒಂದು ದಿನ ಬಿಳಿ ಪ್ಯಾಂಟಿನವರೊಬ್ಬರು ಕೆಳಗೆ ನಿಂತು ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡದಲ್ಲೇ ಕೇಳಿದರು, "ಇಷ್ಟು ಎತ್ತರ ಇಟ್ಕೊಂಡು ಟೊಮೆಟೊ ಹಿಡೀತಾ ನಿಂತಿದ್ದೀಯಲ್ಲೋ, ಕಾಲೇಜಿಗೆ ಬರ್ತೀಯಾ?"

ಅವರೇ ಕೃಷ್ಣಪ್ರಸಾದ್ ಸರ್. ಸೇಲಂನ ಕಾಲೇಜೊಂದರಲ್ಲಿ ಆಟ ಕಲಿಸುವ ಮೇಷ್ಟ್ರು, ಬ್ಯಾಸ್ಕೆಟ್‌ಬಾಲ್ ಟೀಮಿಗೆ ಕೋಚ್. ಅಂಥ ದೊಡ್ಡ ಮನುಷ್ಯರು ನಮ್ಮ ಮನೆಯ ಜಗಲಿಗೆ ಬಂದು ಕೂತು ಕನ್ನಡ ಮಾತಾಡಿದ್ದಕ್ಕೇ ಅಪ್ಪ ತಿಮ್ಮರಾಯಪ್ಪ ಕರಗಿಹೋದ. ಸ್ಪೋರ್ಟ್ಸ್ ಸೀಟು ಸಿಕ್ಕಿತು. ಊಟದ ಚಿಂತೆಯನ್ನೂ ಸರ್ ಅವರೇ ಹೊತ್ತುಕೊಂಡರು. ಸೇಲಂನಲ್ಲಿದ್ದ ಅವರ ಬಳಗದ ಕನ್ನಡ ಮನೆಗಳಿಗೆ ಹೇಳಿ ನನಗೆ ವಾರಾನ್ನ ಗೊತ್ತುಮಾಡಿದರು. ದಿನಕ್ಕೊಂದು ಮನೆಯ ಊಟ. ಹಿಂದೆ ಬಡ ಬ್ರಾಹ್ಮಣ ಹುಡುಗರು ಹೀಗೆ ಉಂಡು ಓದುತ್ತಿದ್ದರಂತೆ. ಕುರುಬರ ಹುಡುಗನಿಗೂ ವಾರಾನ್ನವೇ ಅಂತ ಕೆಲವರು ಮೂಗು ಮುರಿದರು. ಸರ್ ಕೇಳಲಿಲ್ಲ. "ನಮ್ಮ ಹುಡುಗ" ಅಂದರು. ಆ ಎರಡು ಮಾತಿಗೆ ನಾನು ಪ್ರಾಣ ಕೊಡಲೂ ತಯಾರಿದ್ದೆ. ಪೆದ್ದ ಅಂದರೆ ಪೆದ್ದ.

ಸರ್ ಮನೆಯಲ್ಲಿ ನನಗೆ ವರಾಂಡದಲ್ಲಿ ಎಲೆ ಹಾಕುತ್ತಿದ್ದರು. ಬಡಿಸುವುದರಲ್ಲಿ ಕೊರತೆ ಇರಲಿಲ್ಲ, ಸುಳ್ಳು ಯಾಕೆ ಹೇಳಲಿ. ಸರ್ ಹೆಂಡತಿ ಕಮಲಿನಿ ಅಮ್ಮ ಎರಡೆರಡು ಸಲ ತುಪ್ಪ ಹಾಕುತ್ತಿದ್ದರು. ಊಟವಾದ ಮೇಲೆ ಹಳೆಯ ವಾರಪತ್ರಿಕೆ ಹಿಡಿದು ನನಗೆ ಕನ್ನಡ ಅಕ್ಷರ ಕಲಿಸಿದವರೂ ಅವರೇ. ಒಂದು ಸಲ ನನ್ನ ವಾರದ ದಿನವೇ ಏಕಾದಶಿ ಬಂತು. ಅವರು ಮಾಧ್ವರು, ಅವತ್ತು ಒಲೆ ಹಚ್ಚುವುದಿಲ್ಲ. "ಅಯ್ಯೋ, ಮರೆತೇಬಿಟ್ಟೆ ಕಣೋ, ಹೋಟೆಲಿಗೆ ಹೋಗಿಬಾ" ಅಂದರು. ನಾನು, "ಬ್ಯಾಡ ಅಮ್ಮಾ, ನೀವೆಲ್ಲ ಉಪವಾಸ ಇದ್ದಾಗ ನಾನೂ ಇರ್ತೀನಿ" ಅಂದೆ. ಅವರ ಕಣ್ಣು ತೇವವಾಯಿತು. ಮಾರನೆಯ ದಿನ ದ್ವಾದಶಿಯ ಪಾರಣೆಗೆ ನನ್ನನ್ನು ಒಳಗೆ ಕರೆದು, ಸರ್ ಮತ್ತು ಅವರ ಮಗ ಗುರುಚರಣನ ಸಾಲಿನಲ್ಲೇ ನನ್ನ ಎಲೆ ಹಾಕಿದರು. ಅಲ್ಲಿಂದ ಮುಂದೆ ನಾನು ಒಂದು ಏಕಾದಶಿಯನ್ನೂ ಬಿಡಲಿಲ್ಲ. ಹಸಿದಿದ್ದಕ್ಕೆ ಆ ಮನೆಯ ಮಗನಾದೆ ಅಂತ ತಿಳಿದೆ.

ಗುರುಚರಣನೂ ನಾನೂ ಒಂದೇ ಕ್ಲಾಸು, ಒಂದೇ ಟೀಮು, ಇಬ್ಬರೂ ಫಾರ್ವರ್ಡ್. ಅವನ ಕೈ ನಾಜೂಕು, ನನ್ನದು ಒರಟು. ಆದರೆ ಬುಟ್ಟಿಯ ಕೆಳಗೆ ನಿಂತರೆ ನನ್ನ ತಲೆಯ ಮೇಲಿಂದ ಚೆಂಡು ಕಿತ್ತುಕೊಂಡವರಿಲ್ಲ. ತೊಂಬತ್ತಾರರಲ್ಲಿ, ನಮ್ಮ ಕೊನೆಯ ವರ್ಷ, ಟೀಮಿಗೆ ಹುಚ್ಚು ಹಿಡಿದಿತ್ತು. ಕಾಲೇಜು ಕಾಲೇಜುಗಳ ನಡುವಿನ ಪಂದ್ಯಾವಳಿಯಲ್ಲಿ ಆತ್ತೂರಿನವರನ್ನು ಸೋಲಿಸಿದೆವು. ಮೇಟ್ಟೂರಿನಲ್ಲಿ ಜಲ್ಲಿ ಎದ್ದ ಕೋರ್ಟಿನಲ್ಲಿ ಮೊಣಕಾಲು ಸುಲಿಸಿಕೊಂಡು ಗೆದ್ದೆವು. ನಾಮಕ್ಕಲ್‌ನಲ್ಲಿ ಕೊನೆಯ ಗಳಿಗೆಯಲ್ಲಿ ಗುರು ಎಸೆದದ್ದು ತಪ್ಪಿತು, ನಾನು ಹಾರಿ ಒಳಗೆ ತಳ್ಳಿದೆ. ಅವನು ನನ್ನನ್ನು ಎತ್ತಿಕೊಂಡು ಕುಣಿದ. ಕ್ಯಾಪ್ಟನ್ ಸೆಲ್ವಂ, "ಇವರು ಅಣ್ಣತಮ್ಮ ಕಣ್ರೋ" ಅಂತ ತಮಿಳಿನಲ್ಲಿ ಎಲ್ಲರಿಗೂ ಸಾರಿದ. ಊರೂರಿಗೂ ಒಂದೇ ಬಸ್ಸಿನ ಸೀಟಿನಲ್ಲಿ ಒಬ್ಬರ ಭುಜದ ಮೇಲೆ ಒಬ್ಬರು ನಿದ್ದೆ ಮಾಡಿದೆವು.

ಫೈನಲ್ ಧರ್ಮಪುರಿಯಲ್ಲಿ. ಯೂನಿವರ್ಸಿಟಿ ಟೀಮಿಗೆ ಆಯ್ಕೆ ಮಾಡುವವರು ಅವತ್ತು ಬಂದು ಕೂರುತ್ತಾರೆ ಅನ್ನುವ ಸುದ್ದಿ ಮೊದಲೇ ಬಂದಿತ್ತು. ಫಾರ್ವರ್ಡ್ ಜಾಗ ಉಳಿದಿದ್ದದ್ದು ಒಂದೇ. ಆ ಬ್ಲೇಜರ್ ಮೈಮೇಲೆ ಬಿದ್ದರೆ ರೈಲ್ವೆಯ ಸ್ಪೋರ್ಟ್ಸ್ ಕೋಟಾಕ್ಕೆ ದಾರಿ. ಬೀಳದಿದ್ದರೆ ನನಗೆ ಮತ್ತೆ ಅದೇ ಲಾರಿ, ಅದೇ ಟೊಮೆಟೊ. ಗುರುವಿಗೆ ಹಾಗೇನಿಲ್ಲ, ಅವನ ಮಾವಂದಿರು ಬ್ಯಾಂಕಿನಲ್ಲಿದ್ದರು, ಎಲ್ಲೋ ಒಂದು ಕಡೆ ಸೇರಿಸುತ್ತಿದ್ದರು. ಆದರೂ ಯಾರು ಚೆನ್ನಾಗಿ ಆಡಿದರೆ ಅವರಿಗೆ ಅಂತ ನಾವಿಬ್ಬರೂ ಕೈ ಮೇಲೆ ಕೈ ಹಾಕಿಕೊಂಡಿದ್ದೆವು.

ಫೈನಲ್ ದಿನವೇ ಏಕಾದಶಿ. ಬೆಳಿಗ್ಗೆ ಹೊರಡುವಾಗ ಸರ್ ದೇವರ ಮುಂದೆ ನಮ್ಮಿಬ್ಬರನ್ನೂ ನಿಲ್ಲಿಸಿ ತುಳಸಿ ತೀರ್ಥ ಕೊಟ್ಟರು. "ಮನೆ ಹುಡುಗರು ಇಬ್ಬರೂ ಉಪವಾಸವೇ ಆಡ್ತೀರ. ರಾಯರು ನೋಡ್ಕೋತಾರೆ" ಅಂದರು. ಅವತ್ತಾದರೂ ತಿನ್ನು ಅನ್ನುತ್ತಾರೇನೋ ಅಂತ ಒಳಗೊಳಗೆ ಆಸೆಪಟ್ಟಿದ್ದೆ. ಆದರೆ "ಮನೆ ಹುಡುಗರು" ಅಂದರಲ್ಲ, ಹೊಟ್ಟೆ ಅದರಲ್ಲೇ ತುಂಬಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವುದು ನನ್ನಂಥವನನ್ನು ನೋಡಿಯೇ.

ಧರ್ಮಪುರಿಯಲ್ಲಿ ಬಸ್ಸಿಳಿದ ಮೇಲೆ ಟೀಮಿನವರಿಗೆ ಆಟ ನಡೆಯುವ ಕಾಲೇಜಿನ ಮೆಸ್ಸಿನಲ್ಲಿ ಊಟ. ಗುರುವನ್ನು ಕರೆದುಕೊಂಡು ಸರ್, ಕಾಲು ನೋವಿನ ಸ್ಪ್ರೇ ತರುತ್ತೇವೆ ಅಂತ ಪೇಟೆ ಕಡೆಗೆ ಹೋದರು. ನಾನು ಹೊರಗೆ ಬೇವಿನ ಮರದ ಕೆಳಗೆ ಕೂತೆ. ಸೆಲ್ವಂ ಕೈ ತೊಳೆದುಕೊಂಡು ಬಂದು, "ಡೇಯ್ ಸಾಮಿಯಾರೇ, ಒಂದು ಹಿಡಿ ಅನ್ನ ತಿನ್ನುಡಾ. ಯಾವ ದೇವ್ರೂ ನೋಡಲ್ಲ" ಅಂದ. ನಾನು ನಕ್ಕೆ. ನನ್ನ ಜೊತೆ ಗುರುವೂ ಹಸಿದಿದ್ದಾನೆ, ನಾನೊಬ್ಬನೇ ಹೇಗೆ ತಿನ್ನಲಿ ಅಂದುಕೊಂಡೆ.

ಸಂಜೆ ಬಿಸಿಲಿಳಿಯುವ ಮೊದಲೇ ಆಟ ಶುರುವಾಯಿತು. ಮೊದಲರ್ಧ ನನ್ನದೇ. ಹೆಮ್ಮೆಗೆ ಹೇಳುತ್ತಿಲ್ಲ, ನೋಡಿದವರು ಇವತ್ತೂ ಇದ್ದಾರೆ. ಹೊಡೆದದ್ದೆಲ್ಲ ಒಳಗೆ ಬೀಳುತ್ತಿತ್ತು. ಆಯ್ಕೆಯವರಲ್ಲಿ ಕನ್ನಡಕದವರೊಬ್ಬರು ಪಕ್ಕದವರಿಗೆ ನನ್ನ ಕಡೆ ಬೆರಳು ತೋರಿಸಿದ್ದನ್ನು ನಾನೇ ಕಂಡೆ. ಸರ್ ಕೂಡ ಅದನ್ನು ಕಂಡರು. ಅವರ ಮುಖದಲ್ಲಿ ನಗು ಯಾಕೆ ಇರಲಿಲ್ಲವೋ ನನಗೆ ಆಗ ತಿಳಿಯಲಿಲ್ಲ.

ಎರಡನೆಯ ಅರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ಕಣ್ಣು ಮಂಜಾಗತೊಡಗಿತು. ಹಾರಿ ಇಳಿಯುವಾಗ ಎರಡೂ ಮೀನಖಂಡ ಗಂಟು ಕಟ್ಟಿ ಕೋರ್ಟಿನಲ್ಲೇ ಉರುಳಿದೆ. ನಾವು ಆರು ಪಾಯಿಂಟ್ ಮುಂದಿದ್ದೆವು. ಸೆಲ್ವಂ ಎತ್ತಿ ತಂದು ಬೆಂಚಿನಲ್ಲಿ ಕೂರಿಸಿದ. ಅಷ್ಟರಲ್ಲಿ ಜನರನ್ನು ಸರಿಸಿಕೊಂಡು, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಡಬ್ಬಿ ಹಿಡಿದು ಅಪ್ಪ ಬಂದ. ನಾನು ಆಡುವುದನ್ನು ನೋಡಲು ಅವನು ಬಂದದ್ದು ಅದೇ ಮೊದಲು.

"ಏನ್ಲಾ ಇದು, ಕಾಲು ಇಂಗೆ ನಡುಗ್ತೈತೆ? ಒಟ್ಟೆಗೇನು ತಿಂದಿದ್ದೀಯ?"

"ಏನೂ ಇಲ್ಲಪ್ಪಾ. ಇವತ್ತು ಏಕಾದಶಿ."

"ಯಾರ್ಗ್ಲಾ ಏಕಾದಶಿ?"

"ನಮ್ಗೇ. ಸಾರ್ ಮನೇರು ಯಾರೂ ತಿನ್ನಂಗಿಲ್ಲ. ಗುರೂನೂ ತಿಂದಿಲ್ಲ."

ಅಪ್ಪ ನನ್ನ ಮುಖವನ್ನೇ ನೋಡಿದ. "ತಿಂದಿಲ್ವಾ? ಮದ್ಯಾನ ಬಸ್ ಸ್ಟ್ಯಾಂಡ್ ಓಟ್ಲಲ್ಲಿ ನನ್ ಕಣ್ಣೆದುರ್ಗೇ ಮೀಲ್ಸ್ ಉಂಡ್ನಲ್ಲೋ. ಎರಡು ಕಿತ ಅನ್ನ ಆಕಿಸ್ಕೊಂಡ. ನಿಮ್ ಸಾರು ಕಾಪಿ ಕುಡೀತಿದ್ರು, ನಂಗೂ ಒಂದು ಏಳಿದ್ರು. ನಮ್ ಉಡುಗ ಎಲ್ಲಿ ಸಾಮಿ ಅಂದೆ. ಅವ್ನ ಊಟ ಆಗ್ಲೇ ಆಯ್ತು, ಈಗ ಓಗಿ ಮಾತಾಡಿಸ್ಬ್ಯಾಡ, ಗಮನ ಕೆಡ್ತೈತೆ ಅಂದ್ರು. ಅದ್ಕೇ ನಾನು ಆ ಕಡೆ ಕುಂತಿದ್ದೆ."

ನನಗೆ ಮೊದಲು ನಂಬಿಕೆಯೇ ಬರಲಿಲ್ಲ. ಆಮೇಲೆ ಕೋರ್ಟಿನ ಕಡೆ ನೋಡಿದೆ. ಗುರು ಜಿಂಕೆಯ ಹಾಗೆ ಓಡುತ್ತಿದ್ದ. ಬೆಳಗಿನಿಂದ ಏನೂ ತಿನ್ನದವನು ಹಾಗೆ ಓಡುವುದಿಲ್ಲ, ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೈಯೆಲ್ಲ ಉರಿಯಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡುವುದು? ಅಪ್ಪ ಬೈಯಲಿಲ್ಲ, ಕೂಗಾಡಲಿಲ್ಲ. ಡಬ್ಬಿ ಬಿಚ್ಚಿ, "ತಿನ್ಲಾ ಮೊದ್ಲು" ಅಂದ. ಅವ್ವ ಕಳಿಸಿದ ರಾಗಿ ಮುದ್ದೆ, ಅವರೆಕಾಳು ಸಾರು. ಆಯ್ಕೆಯವರು, ಎದುರಾಳಿಗಳು, ಊರ ಜನ ಎಲ್ಲರ ಎದುರಿಗೆ, ಬೆಂಚಿನಲ್ಲಿ ಕೂತು ಮುದ್ದೆ ಮುರಿದು ನುಂಗಿದೆ. ಕಣ್ಣೀರು ಸಾರಿಗೇ ಬಿತ್ತು. ಮೂರು ವರ್ಷದಲ್ಲಿ ಮೊದಲ ಸಲ ನನ್ನ ಏಕಾದಶಿ ಕೆಟ್ಟಿತು.

ಅಪ್ಪ ಕಾಲು ತಿಕ್ಕಿದ. ಗಂಟು ಬಿಟ್ಟಿತು. ಅಷ್ಟರಲ್ಲಿ ನಮ್ಮ ಆರು ಪಾಯಿಂಟೂ ಕರಗಿ ಎರಡೂ ಕಡೆ ಸಮಸಮ ಆಗಿತ್ತು. ಬುಟ್ಟಿಯ ಕೆಳಗೆ ನಮ್ಮವರು ಯಾರೂ ಇರಲಿಲ್ಲ, ಎದುರಿನವರು ಬೇಕಾದ ಹಾಗೆ ಚೆಂಡು ಎತ್ತಿಕೊಳ್ಳುತ್ತಿದ್ದರು. ನಾನು ಸರ್ ಹತ್ತಿರ ಹೋಗಿ ನಿಂತೆ.

"ಇಳೀತೀನಿ ಸರ್. ಕಾಲು ಸರಿ ಐತೆ."

ಅವರು ನನ್ನ ಕಡೆ ತಿರುಗಲಿಲ್ಲ. "ಕೂತ್ಕೋ. ಕಾಲು ಹಾಳಾದ್ರೆ ನಿಮ್ಮಪ್ಪನಿಗೆ ನಾನು ಏನು ಹೇಳ್ಲಿ?"

"ಮದ್ಯಾನ ನಮ್ಮಪ್ಪಂಗೆ ಏನೇನೋ ಏಳಿದ್ರಲ್ಲ ಸರ್, ಇದನ್ನೂ ಏಳಿ."

ಅವರ ಕತ್ತಿನ ನರ ಉಬ್ಬಿತು. ಸೆಲ್ವಂ ಕೋರ್ಟಿನಿಂದ, "ಸಾರ್, ಅವನೈ ವಿಡುಂಗ ಸಾರ್" ಅಂತ ಕೂಗಿದ. ನನ್ನನ್ನು ಆಡಲು ಬಿಡಿ ಅಂತ ಟೀಮಿಗೆ ಟೀಮೇ ಕೇಳಿತು. ಸರ್ ಅಲ್ಲಾಡಲಿಲ್ಲ. ಗೆಲ್ಲುವುದಕ್ಕಿಂತ ನಾನು ಕಾಣಿಸದೆ ಇರುವುದು ಅವರಿಗೆ ಮುಖ್ಯವಾಗಿತ್ತು. ನನಗೊಬ್ಬನಿಗಲ್ಲ, ಮೊಣಕಾಲು ಸುಲಿಸಿಕೊಂಡು ಅಲ್ಲಿಗೆ ಬಂದ ಅಷ್ಟೂ ಹುಡುಗರಿಗೆ ಅವರು ಮೋಸ ಮಾಡಿದರು.

ಕೊನೆಯಲ್ಲಿ ನಾವು ಎರಡು ಪಾಯಿಂಟ್ ಹಿಂದೆ. ಗುರುವಿಗೆ ಎರಡು ಫ್ರೀ ಥ್ರೋ ಸಿಕ್ಕಿತು. ಬೆವರು ಒರೆಸಿಕೊಳ್ಳಲು ಬೆಂಚಿನ ಹತ್ತಿರ ಬಂದ. ಟವಲ್ ಕೊಟ್ಟವನು ನಾನೇ.

"ಗುರು, ಉಂಡ್ಯಾ?"

ಅವನ ಕೈ ನಿಂತಿತು. "ಅಪ್ಪ ಹೇಳಬೇಡ ಅಂದ್ರು ಕಣೋ" ಅಂತ ತುಟಿಯಲ್ಲೇ ಅಂದು, ಟವಲ್ ಎಸೆದು ಹೋದ. ಒಂದು ಒಳಗೆ ಬಿತ್ತು. ಇನ್ನೊಂದು ಅಂಚಿಗೆ ತಗುಲಿ ಆಚೆ ಹಾರಿತು. ಹಾರಿ ಒಳಗೆ ತಳ್ಳುವವನು ಬೆಂಚಿನಲ್ಲಿ ಕೂತಿದ್ದ. ಒಂದು ಪಾಯಿಂಟಿನಲ್ಲಿ ಸೋತೆವು.

ಸೋತರೂ ಯೂನಿವರ್ಸಿಟಿ ಟೀಮಿಗೆ ಗುರುಚರಣನ ಹೆಸರು ಅಲ್ಲೇ ಹೇಳಿದರು. ಕನ್ನಡಕದವರು ನನ್ನ ಹತ್ತಿರ ಬಂದು, "ನಿನ್ನ ಆಟ ಚೆನ್ನಾಗಿದೆ, ದಮ್ಮು ಸಾಲದು" ಅಂತ ತಮಿಳಿನಲ್ಲಿ ಬುದ್ಧಿ ಹೇಳಿದರು. ದಮ್ಮು ಸಾಲದಂತೆ!

"ಮನೆಗೆ ಬಾಲಾ" ಅಂದ ಅಪ್ಪ.

"ನಾಳೆ ಬತ್ತೀನಿ. ಅಮ್ಮಂಗೆ ಒಂದು ಮಾತು ಏಳಿ ಬತ್ತೀನಿ" ಅಂದೆ. ಕಮಲಿನಿ ಅಮ್ಮನಿಗೆ ಇದು ಗೊತ್ತಾಗಲೇಬೇಕು ಅನ್ನುವುದೊಂದೇ ನನ್ನ ತಲೆಯಲ್ಲಿತ್ತು. ಏಕಾದಶಿಗೆ ನೀರನ್ನೂ ಅಳೆದು ಕುಡಿಯುವ ಹೆಂಗಸು. ಗಂಡ, ಮಗ ಇಬ್ಬರೂ ಸೇರಿ ದೇವರ ಹೆಸರಿನಲ್ಲಿ ಇಂಥದ್ದು ಮಾಡಿದರು ಅಂತ ತಿಳಿದರೆ ಸುಮ್ಮನಿರುತ್ತಾರೆಯೇ? ಕಳೆದುಕೊಂಡದ್ದು ಹೇಗೂ ಬರುವುದಿಲ್ಲ. ನನ್ನ ಕಡೆ ಒಬ್ಬರಾದರೂ ಇದ್ದಾರೆ ಅಂತ ಕೇಳಿಸಿಕೊಂಡು ಊರಿಗೆ ಹೋಗಬೇಕಿತ್ತು.

ಮಾರನೆಯ ಬೆಳಿಗ್ಗೆ ದ್ವಾದಶಿ. ಅವರ ಮನೆಗೆ ಹೋದಾಗ ಮೂರು ಎಲೆ ಹಾಕಿತ್ತು. ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ಗೊಜ್ಜು, ಹೆಸರುಬೇಳೆ ಸಾರು. ಸರ್ ಒಳಗೆ ಪೂಜೆಗೆ ಕೂತಿದ್ದರು, ಗುರು ಇನ್ನೂ ಎದ್ದಿರಲಿಲ್ಲ. "ನೀನು ಕೂತ್ಕೋ, ನಿನ್ನೆಯಿಂದ ಹಸಿದಿದ್ದೀಯ" ಅಂತ ಅಮ್ಮ ಬಡಿಸತೊಡಗಿದರು.

"ಅಮ್ಮಾ, ಆ ಎರಡು ಎಲೆ ಯಾಕೆ? ಅವ್ರು ಉಪಾಸ ಇರ್ಲಿಲ್ಲ" ಅಂದೆ. ಆಮೇಲೆ ಹೋಟೆಲಿನಿಂದ ಹಿಡಿದು ಬೆಂಚಿನ ತನಕ ಎಲ್ಲವನ್ನೂ ಹೇಳಿದೆ. ಹಣೆ ಚಚ್ಚಿಕೊಳ್ಳುತ್ತಾರೆ ಅಂತ ಕಾದೆ.

ಅವರು ಸೌಟು ಕೆಳಗಿಡಲಿಲ್ಲ. "ಗೊತ್ತು ಕಣೋ" ಅಂದರು. "ಗುರೂಗೆ ಏನಾದ್ರೂ ತಿನ್ನಿಸ್ರಿ ಅಂತ ನಾನೇ ಅವರಿಗೆ ಹೇಳಿ ಕಳಿಸಿದ್ದು. ದೋಷ ನನಗೇ ಬರ್ಲಿ ಅಂತ ರಾಯರಿಗೆ ಹರಕೆ ಹೊತ್ತಿದ್ದೀನಿ. ಹೆತ್ತ ಹೊಟ್ಟೆ ಅಲ್ವೇನೋ."

"ಮತ್ತೆ ನಂಗೆ?"

ಅವರು ನನ್ನ ಅನ್ನದ ಮೇಲೆ ತುಪ್ಪ ಹಾಕಿದರು. ದನಿಯಲ್ಲಿ ಎಳ್ಳಷ್ಟೂ ಕೇಡಿರಲಿಲ್ಲ, ಅಕ್ಕರೆಯೇ ಇತ್ತು. "ನಿಂದೇನಪ್ಪಾ, ಗಟ್ಟಿ ಜೀವ. ಕುರಿ ಹಿಂದೆ ಹಸ್ಕೊಂಡು ತಿರುಗಿ ಅಭ್ಯಾಸ ಇರೋನು. ಅವನು ತಡ್ಕೊಳಲ್ಲ, ನೀನು ತಡ್ಕೋತೀಯ ಅಂದ್ಕೊಂಡೆ."

ನಾನು ಎಲೆ ಮುಂದಿನಿಂದ ಎದ್ದೆ. ಊಟದ ನಡುವೆ ಏಳಬಾರದು, ಅನ್ನಕ್ಕೆ ಅವಮಾನ ಅಂತ ಕಲಿಸಿದವರೂ ಅವರೇ.

"ನಮ್ ಮನೇಲಿ ಕುರಿ ಇಂದೆ ಓಗೋರ್ನ ನಮ್ಮವ್ವ ಒಂದಿನಾನೂ ಬರಿ ಒಟ್ಟೇಲಿ ಕಳ್ಸಿಲ್ಲ ಅಮ್ಮಾ" ಅಂದೆ. "ನಾನು ಅಸಿವು ಕಲ್ತಿದ್ದು ಇಲ್ಲೇ."