ಸೂಜಿ ಒಬ್ಬರಿಗೆ, ಕರೆಂಟು ಒಬ್ಬರಿಗೆ

ಬಿಡದಿಯ ಕ್ಲಿನಿಕ್ಕಿಗೆ ಹೊಸ ಮಷೀನು ಬಂದಾಗಿನಿಂದ ಭಾನುಪ್ರಿಯಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮೈಗೆ ಚುಚ್ಚಿದ ಸೂಜಿಗಳಿಗೆ ವೈರು ಸಿಕ್ಕಿಸಿ ಸಣ್ಣಗೆ ಕರೆಂಟು ಹರಿಸುವ ಮಷೀನು ಅದು. ಸುತ್ತ ಫ್ಯಾಕ್ಟರಿಗಳು ಎದ್ದ ಮೇಲೆ ಸೊಂಟನೋವು, ಭುಜನೋವು ಎಂದು ಬರುವವರು ಹೆಚ್ಚಿದ್ದರು. ಅದಕ್ಕೇ ಡಾಕ್ಟರ್ ಬಸವಯ್ಯನವರು ತರಿಸಿದ್ದರು. ಫಿಸಿಯೋಥೆರಪಿ ಓದಿದ ಭಾನುಪ್ರಿಯಳಿಗೆ ಕರೆಂಟು ಗೊತ್ತು, ಸೂಜಿ ಹಿಡಿದವಳಲ್ಲ. ಪ್ರಕೃತಿ ಚಿಕಿತ್ಸೆ ಓದಿದ ಮಾಗಡಿಯ ಅಶ್ವಥ್ ಸೂಜಿಯಲ್ಲಿ ಪಳಗಿದವನು. ಆದರೆ ಇಂಥ ಮಷೀನನ್ನು ಅವನ ಕಾಲೇಜಿನಲ್ಲಿ ದೂರದಿಂದ ತೋರಿಸಿದ್ದರಷ್ಟೆ.

"ನಮಗಂತೂ ಇದರ ಪಾಠವೇ ಇರಲಿಲ್ಲ. ನೀವಿಬ್ಬರೂ ಸೇರಿ ಮಾಡಿ," ಎಂದು ಡಾಕ್ಟರು ಕೈತೊಳೆದುಕೊಂಡರು.

ಮೊದಲು ಬಂದು ಮಲಗಿದವನು ರಾಮನಗರದ ಮುಕ್ತಿಯಾರ್. ಗೂಡಿನಿಂದ ರೇಷ್ಮೆ ನೂಲು ಬಿಚ್ಚಿ ಬಿಚ್ಚಿ ಅವನ ಎರಡೂ ಭುಜ ಹಿಡಿದುಕೊಂಡಿದ್ದವು. ಅಶ್ವಥ್ ನಯವಾಗಿ ಸೂಜಿ ಇಳಿಸಿದ. ಒಂದು ವೈರನ್ನು ಎಡಭುಜಕ್ಕೆ, ಅದರ ಜೋಡಿಯನ್ನು ಬಲಭುಜಕ್ಕೆ ಸಿಕ್ಕಿಸಿ ಸ್ವಿಚ್ಚಿಗೆ ಕೈಹಾಕಿದ.

"ತಡಿ ಅಶ್ವಥ್. ಹಂಗೆ ಕೊಟ್ರೆ ಕರೆಂಟು ಎದೆ ದಾಟಿ ಹೋಯ್ತದೆ."

"ಒಸೀನೇ ಬುಡೋದು."

"ಒಸಿ ಆದ್ರೂ ಬ್ಯಾಡ."

ಅವಳೇ ವೈರು ಕಿತ್ತಳು. ಎರಡನ್ನೂ ಒಂದೇ ಭುಜಕ್ಕೆ ಹಾಕಬೇಕೆಂದು, ಡಬ್ಬಿಯಿಂದ ಇನ್ನೊಂದು ಸೂಜಿ ತೆಗೆದು ಕತ್ತಿನ ಬುಡದತ್ತ ತಂದಳು. ಈಗ ಅಶ್ವಥ್ ಅವಳ ಮಣಿಕಟ್ಟು ಹಿಡಿದ.

"ಅಲ್ಲಿ ನೆಟ್ಟಗೆ ಇಳಿಸ್ಬೇಡ. ಕೆಳಗೇ ಶ್ವಾಸಕೋಶ ಐತೆ."

ಅವಳು ಸೂಜಿಯನ್ನು ಹಿಂದಕ್ಕೆಳೆದುಕೊಂಡಳು. ಮುಕ್ತಿಯಾರ್ ತಲೆಯೆತ್ತಿ ಕೇಳಿದ: "ಯಾಕೆ ಮೇಡಂ, ನಿಮ್ಗೂ ಹೊಸದಾ?"

"ಹೂಂ ಭಾಯ್. ನಂಗರ್ಧ ಕಲಿಸವ್ರೆ, ಇವನಿಗರ್ಧ. ಇವತ್ತು ಬ್ಯಾಡ."

ಸೂಜಿ ತೆಗೆದು, ಶಾಖ ಕೊಟ್ಟು ಕಳಿಸಿದರು. ಹೊರಗೆ ಬೆಂಚು ತುಂಬಿತ್ತು. ಡಾಕ್ಟರು ರೇಗಿದರು. ಭಾನುಪ್ರಿಯ ಜಗ್ಗಲಿಲ್ಲ. ಕಲಿಯದೆ ಮುಟ್ಟುವುದಿಲ್ಲ ಎಂದಳು.

ಬಿಡುವಾದಾಗಲೆಲ್ಲ ಒಬ್ಬರ ಕಾಲಿಗೆ ಒಬ್ಬರು ಸೂಜಿ ಹಾಕಿ ಕಲಿತರು. ಅಷ್ಟಕ್ಕೆ ಅವಳಿಗೆ ಸಮಾಧಾನವಾಗಲಿಲ್ಲ. ತನ್ನ ಕಾಲೇಜಿಗೆ ಹೋದಳು; ಸೂಜಿ ನಮ್ಮದಲ್ಲ ಎಂದರು. ಅಶ್ವಥ್‌ನ ಕಾಲೇಜಿನಲ್ಲಿ, ಕರೆಂಟು ನಿಮ್ಮವರದು ಎಂದರು. ಮತ್ತೆ ಹೋದಳು, ಮತ್ತೆ ಹೋದಳು. ಕೊನೆಗೆ ಅಲ್ಲಿ ಸೂಜಿ ಕಲಿಸುವ ಹನುಮಂತಮ್ಮ ಮೇಡಂ ಬೇಸತ್ತರೋ ಮನಸೋತರೋ, "ನಿಮ್ಮ ಕರೆಂಟಿನ ಮೇಷ್ಟ್ರನ್ನ ಕರ್ಕೊಂಡ್ ಬಾ, ಒಟ್ಟಿಗೆ ಒಂದು ಪಾಠ ಮಾಡಾನ," ಎಂದರು.

ಮೇಷ್ಟರನ್ನೂ ಒಪ್ಪಿಸಿದ ಮೇಲೆ, ಒಂದು ಭಾನುವಾರ ಕ್ಲಿನಿಕ್ಕಿನಲ್ಲಿ ಎರಡೂ ಕಾಲೇಜಿನ ಮಕ್ಕಳು ಬೇರೆಬೇರೆ ಮೂಲೆಯಲ್ಲಿ ನಿಂತಿದ್ದರು. ಮೇಷ್ಟರೂ ಮೇಡಮ್ಮೂ ವಾದಕ್ಕಿಳಿದ ಮೇಲೆ ಹತ್ತಿರ ಬಂದು ಮೇಜು ಸುತ್ತುವರಿದರು. ಡಾಕ್ಟರೂ ಬಂದು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಮುಕ್ತಿಯಾರ್ ತಾನಾಗಿ ಬಂದು ಮಲಗಿದ. ಅವನ ಭುಜಕ್ಕೆ ಸೂಜಿ ಇಳಿಸಿ ಕರೆಂಟು ಹರಿಸಿದರು. ಎದ್ದಾಗ ತೋಳನ್ನು ಕಿವಿಯವರೆಗೆ ಎತ್ತಿದ. "ನೋವು ಐತೆ, ಆದ್ರೆ ಹಿಡ್ಕೊಂಡಿದ್ದು ಬಿಡ್ತು," ಎಂದ.

ಅಶ್ವಥ್ ನಗುತ್ತ ಸೂಜಿಗಳನ್ನು ಡಬ್ಬಿಗೆ ಹಾಕುತ್ತಿದ್ದ. "ಇನ್ನಾದ್ರೂ ಕೂತ್ಕೊ ಮಾರಾಯ್ತಿ."

"ಕನಕಪುರದಲ್ಲೂ ಇಂಥ ಮಷೀನು ಬಂದದಂತೆ," ಎಂದಳು ಅವಳು, ಚಪ್ಪಲಿ ಮೆಟ್ಟುತ್ತ. "ಯಾರು ನಡೆಸ್ತಾವ್ರೋ, ಏನು ಕಲಿತವ್ರೋ. ಬಸ್ಸು ಐತಾ ಈಗ?"