ಉಳಿದ ಜೊತೆ ಅಕ್ಕನಿಗೆ

ಏಳನೇ ತಿಂಗಳು ಮುಗಿಯುವ ಹೊತ್ತಿಗೆ ನನ್ನ ಚಪ್ಪಲಿಗಳೆಲ್ಲ ನನ್ನ ಮೇಲೆ ಮುನಿಸಿಕೊಂಡವು. ಲ್ಯಾಬಿನಲ್ಲಿ ದಿನವಿಡೀ ನಿಂತು ಬಂದವರ ರಕ್ತ ತೆಗೆಯುವುದು ನನ್ನ ಕೆಲಸ. ಸಂಜೆಯಾದರೆ ಪಾದಗಳು ಊದಿ, ಬರಿಗಾಲಲ್ಲಿ ಮನೆಗೆ ಹೋಗುವುದೇ ವಾಸಿ ಅನ್ನಿಸುತ್ತಿತ್ತು. ಅಂಗಿಯ ಗುಂಡಿಗಳೂ ಹೊಟ್ಟೆಯ ಮುಂದೆ ಕೈಚೆಲ್ಲಿದ್ದವು. ಬಸ್ ನಿಲ್ದಾಣದ ಹಿಂದಿನ ದೊಡ್ಡ ಅಂಗಡಿಯಲ್ಲಿ ರಿಯಾಯಿತಿ ಮಾರಾಟ ಎಂದು ಬೋರ್ಡು ಬಿದ್ದದ್ದೇ ತಡ, ಅರ್ಧ ದಿನ ರಜೆ ಹಾಕಿ ಹೊರಟೆ.

ಹೊರಟೆ ಅನ್ನುವುದು ಸುಲಭ. ನಾನು ಒಬ್ಬಳೇ ಕಾಲಿಗೆ ಏನನ್ನೂ ಕೊಂಡವಳಲ್ಲ. ಕಾರಣ ಹೇಳಿದರೆ ನಗುತ್ತೀರಿ. ನನ್ನ ಎಡಗಾಲು ಬಲಗಾಲಿಗಿಂತ ಒಂದು ನಂಬರ್ ದೊಡ್ಡದು. ಅಕ್ಕನಿಗೆ ಬಲಗಾಲು ದೊಡ್ಡದು. "ಹಂಚೋ ಹೊತ್ತಲ್ಲಿ ದೇವರಿಗೆ ತೂಕಡಿಕೆ" ಎಂದು ಅಮ್ಮ ಇದ್ದಾಗ ನಗುತ್ತಿದ್ದಳು. ಹಾಗಾಗಿ ಚಿಕ್ಕಂದಿನಿಂದಲೂ ಒಂದೇ ನಮೂನೆಯವು ಎರಡು ಜೊತೆ, ಐದರದೊಂದು ಆರರದೊಂದು ಕೊಂಡು, ಅಂಗಡಿಯ ಬೆಂಚಿನ ಮೇಲೇ ಅದಲುಬದಲು ಮಾಡಿಕೊಳ್ಳುತ್ತಿದ್ದೆವು. ನನಗಾದದ್ದು ನನಗೆ, ಉಳಿದ ಜೊತೆ ಅಕ್ಕನಿಗೆ. ಉಳಿದದ್ದರ ನಂಬರ್ ನೋಡುವ ಗೋಜೇ ಇರಲಿಲ್ಲ.

ಆ ಅಕ್ಕ ನನ್ನ ಜೊತೆ ಮಾತುಬಿಟ್ಟು ಎರಡೂವರೆ ತಿಂಗಳಾಗಿತ್ತು. ತಪ್ಪು ನನ್ನದೇ. ಅವಳಿಗೆ ಮದುವೆಯಾಗಿ ಹನ್ನೊಂದು ವರ್ಷ, ಮಕ್ಕಳಿಲ್ಲ. ನಾನು ಬಸುರಿ ಎಂದು ಗೊತ್ತಾದಾಗ ಅವಳಿಗೆ ಯಾವ ಬಾಯಲ್ಲಿ ಹೇಳಲಿ ಎಂದು ಮೀನಮೇಷ ಎಣಿಸಿದೆ. ಇವತ್ತು, ನಾಳೆ ಎನ್ನುತ್ತ ಐದನೇ ತಿಂಗಳು ಬಂತು. ಕೊನೆಗೆ ನಾನು ಮಾತ್ರೆ ಕೊಳ್ಳುತ್ತಿದ್ದ ಔಷಧದ ಅಂಗಡಿಯವರು ಎಲ್ಲರೆದುರು ಅವಳಿಗೆ ಶುಭಾಶಯ ಹೇಳಿದರಂತೆ. ಆವತ್ತು ಅವಳು ಫೋನಿನಲ್ಲಿ ಕೇಳಿದ್ದು ಒಂದೇ ಮಾತು.

"ನಾನು ಹೊಟ್ಟೆ ಉರ್ಕೋತೀನಿ ಅಂದ್ಕೊಂಡ್ಯೇನೇ, ಕಡ್ಡಿ?"

ಕಡ್ಡಿ ಅಂದರೆ ನಾನು. ಅಲ್ಲ ಎನ್ನುವಷ್ಟರಲ್ಲಿ ಫೋನ್ ಇಟ್ಟಳು. ಆಮೇಲೆ ನನ್ನ ಒಂದು ಕರೆಯನ್ನೂ ಎತ್ತಲಿಲ್ಲ. ಅಮ್ಮ ಹೋದ ಮೇಲೆ ನನಗೆ ತಾಯಿ ಅಂತ ಇದ್ದವಳು ಅವಳೇ. ಅವಳಿಲ್ಲದೆ ಹೆರಿಗೆ ಕೋಣೆಗೆ ಹೋಗುವುದನ್ನು ನೆನೆಯಲೂ ಆಗುತ್ತಿರಲಿಲ್ಲ.

ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಸುರಿಯರ ಬಟ್ಟೆ ಎಂದು ಒಂದು ಮೂಲೆಯಲ್ಲಿ ಬೇರೆ ತೂಗುಹಾಕಿದ್ದರು. ಬೆಲೆಚೀಟಿ ನೋಡಿದರೆ, ಹುಟ್ಟದ ಮಗುವಿನ ಕಾಲೇಜು ಫೀಸನ್ನೂ ಈಗಲೇ ಕಟ್ಟಿಸಿಕೊಳ್ಳುವ ಹಾಗಿತ್ತು. ಗಂಡಸರ ರಾಶಿಗೆ ಕೈಹಾಕಿ ಒಂದು ದೊಗಳೆ ಶರಟು ಎಳೆದೆ. ಅದರ ಇನ್ನೊಂದು ತೋಳು ಯಾರೋ ಹೆಂಗಸಿನ ಕೈಯಲ್ಲಿತ್ತು. ಆಕೆ ನನ್ನ ಹೊಟ್ಟೆ ನೋಡಿ ಬಿಟ್ಟುಕೊಟ್ಟಳು. ಅಕ್ಕ ಇದ್ದಿದ್ದರೆ ಆಕೆ ಬಿಡುವ ತನಕ ಕಾಯುತ್ತಲೂ ಇರಲಿಲ್ಲ.

ಶೂಗಳ ಸಾಲಿನಲ್ಲಿ ಎರಡು ಜೊತೆಗೆ ಒಂದರ ಬೆಲೆ. ನೀಲಿ ಬಣ್ಣದ, ಬಕಲ್ ಹಾಕುವ ಮೆತ್ತನೆಯ ಶೂ ಆರಿಸಿದೆ. ಕನ್ನಡಕದ ಸೇಲ್ಸ್‌ಮನ್ ನನ್ನ ಪಾದ ಅಳೆದು ತಲೆ ಕೆರೆದುಕೊಂಡರು.

"ಎಡಕ್ಕೆ ಏಳು ಬೇಕು, ಬಲಕ್ಕೆ ಆರು ಸಾಕು. ಏನ್ಮಾಡೋಣಮ್ಮ?"

"ಎರಡು ಜೊತೇನೂ ಕೊಡಿ. ಒಂದೊಂದು ನಾನು ಹಾಕ್ಕೋತೀನಿ."

"ಉಳಿದಿದ್ದು?"

"ನಮ್ಮಕ್ಕಂಗೆ."

ಬಾಯಿಂದ ತಾನಾಗಿ ಬಂತು. ಅಕ್ಕ ಪಕ್ಕದಲ್ಲಿ ಕೂತು ನನ್ನ ಬೆನ್ನಿಗೊಂದು ಗುದ್ದಿ, ಇನ್ನಷ್ಟು ಕಡಿಮೆ ಮಾಡಿಸೇ ಅನ್ನಬಾರದೇ ಅನ್ನಿಸಿತು. ಅಲ್ಲಿಂದ ಮನೆಗೆ ಹೋಗದೆ ಅವಳ ಮನೆ ಕಡೆಯ ಬಸ್ಸು ಹತ್ತಿದೆ.

ಅಕ್ಕ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡೇ ಬಾಗಿಲು ತೆಗೆದಳು. ಅವಳ ಕಣ್ಣು ಮೊದಲು ನನ್ನ ಹೊಟ್ಟೆಯ ಮೇಲೆ ಬಿತ್ತು, ಆಮೇಲೆ ಮುಖಕ್ಕೆ ಬಂತು.

"ಈ ಬಿಸಿಲಲ್ಲಿ ಯಾಕೆ ಬಂದೆ?"

"ಶೂ ಸೇಲ್ ಇತ್ತು" ಎಂದು ಉಳಿದ ಜೊತೆಯ ಡಬ್ಬಿ ಮುಂದೆ ಹಿಡಿದೆ.

ಡಬ್ಬಿ ಇಸಿದುಕೊಂಡು ಹೊಲಿಗೆ ಮಿಷನ್ನಿನ ಮುಂದೆ ಕೂತು ಹಾಕಿಕೊಂಡಳು. ಎರಡೂ ಹಿಮ್ಮಡಿಯ ಹಿಂದೆ ಬೆರಳು ತೂರುವಷ್ಟು ಜಾಗ. ಆಗ ನನಗೆ ಹೊಳೆಯಿತು. ಊದಿದ್ದು ನನ್ನ ಕಾಲು. ಅವಳ ಕಾಲು ಎಂದಿನ ಹಾಗೇ ಐದು-ಆರರಲ್ಲೇ ಇತ್ತು. ಯಾವ ಮಾತನ್ನು ಐದನೇ ತಿಂಗಳ ತನಕ ಬಚ್ಚಿಟ್ಟಿದ್ದೆನೋ ಅದನ್ನೇ ಡಬ್ಬಿಯಲ್ಲಿ ತಂದು ಅವಳ ಕಾಲಿಗೆ ತೊಡಿಸಿದ್ದೆ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಅಯ್ಯೋ, ನಂಬರ್ ನೋಡ್ಲೇ ಇಲ್ಲ ಅಕ್ಕ. ತೆಗಿ, ವಾಪಸ್ ಕೊಟ್ಟು ಬರ್ತೀನಿ."

"ಕಾಲಿಗೊಂದು ನಂಬರಿನ ಶೂನ ಯಾವ ಪುಣ್ಯಾತ್ಮ ವಾಪಸ್ ತಗೋತಾನೆ?"

ಎದ್ದು ಅಡುಗೆಮನೆ ಬಾಗಿಲ ತನಕ ನಡೆದು ತಿರುಗಿ ಬಂದಳು. ಹೆಜ್ಜೆ ಹೆಜ್ಜೆಗೂ ಶೂ ಹಿಮ್ಮಡಿ ಬಿಟ್ಟು ಟಪಟಪ ಎನ್ನುತ್ತಿತ್ತು.

"ತೆಗಿ ಅಕ್ಕ, ಎಡವಿ ಬೀಳ್ತೀಯ."

"ಇರ್ಲಿ ಬಿಡೇ." ತನ್ನ ಪಾದಗಳನ್ನೇ ನೋಡುತ್ತ ನಿಂತಳು. "ನಂಗೂ ಒಂದ್ಸಲ ಎಲ್ಲಾ ಬಿಗಿ ಆಗ್ಲಿ ಅಂತ ಎಷ್ಟು ಆಸೆ ಇತ್ತು ಗೊತ್ತಾ? ಅಂಗಿ, ಉಂಗುರ, ಶೂ, ಎಲ್ಲಾ."

"ನೀನು ಹೊಟ್ಟೆ ಉರ್ಕೋತೀಯ ಅಂತ ನಾನು ಯಾವತ್ತೂ ಅಂದ್ಕೊಂಡಿಲ್ಲ ಅಕ್ಕ."

"ಉರ್ಕೊಂಡೆ ಕಣೇ" ಅಂದಳು. "ನಿನ್ನನ್ನ ಹಾಗೆ ಕೇಳ್ದೆ, ಫೋನ್ ಇಟ್ಟು ರಾತ್ರಿಯೆಲ್ಲ ಉರ್ಕೊಂಡೆ. ಇಂಥವಳು ಯಾವ ಮುಖ ಇಟ್ಕೊಂಡು ನಿನ್ನ ಫೋನ್ ಎತ್ಲಿ?"

ಎರಡೂವರೆ ತಿಂಗಳು ಅವಳ ಸಿಟ್ಟಿಗೆ ನಾನು ಹೆದರಿದ್ದೆ. ಅವಳು ತನಗೆ ತಾನೇ ಹೆದರಿಕೊಂಡು ಕೂತಿದ್ದಳು. ನನಗೆ ಅಳು ತಡೆಯಲಾಗಲಿಲ್ಲ.

"ಉರ್ಕೋ" ಅಂದೆ. "ಬೇಕಾದಷ್ಟು ಉರ್ಕೋ. ನನ್ನ ಪಕ್ಕದಲ್ಲಿ ನಿಂತ್ಕೊಂಡು ಉರ್ಕೋ. ನೀನಿಲ್ದೆ ನಾನು ಆಸ್ಪತ್ರೆ ಮೆಟ್ಟಿಲು ಹತ್ತಲ್ಲ."

ಅಕ್ಕ ಮೂಗು ಒರೆಸಿಕೊಂಡು ಕೂತು ಶೂ ಕಳಚಿದಳು. ಮಿಷನ್ನಿನ ಕೆಳಗೆ ಬಿದ್ದಿದ್ದ ಚಿಂದಿ ಬಟ್ಟೆ ಎತ್ತಿ ಮಡಿಚಿ, ಒಂದೊಂದರ ತುದಿಗೂ ಒತ್ತಿ ತುಂಬಿದಳು. ಮತ್ತೆ ಹಾಕಿಕೊಂಡು ಬಕಲ್ ಎಳೆಯುತ್ತ, ತಲೆಯೆತ್ತದೆ ಕೇಳಿದಳು:

"ಡಾಕ್ಟ್ರು ಯಾವ ತಾರೀಕು ಅಂದಿದಾರೆ?"