ಹನ್ನೊಂದನೇ ಕಾಟಿನ ಒದ್ದೆ ಬಟ್ಟೆ

ಈ ಸಂಗತಿಯನ್ನು ಮೊದಲು ಹೇಳಿದವಳು ಚನ್ನವ್ವ. ವಿಜಾಪುರದ ಕಡೆಯವಳು, ಸಾಂತಾಕ್ರೂಜಿನ ಒಂದು ಧರ್ಮಾರ್ಥ ಆಸ್ಪತ್ರೆಯಲ್ಲಿ ಆಯಾ. ಹೇಳಿದ್ದು 1988ರ ನವೆಂಬರ್ ತಿಂಗಳ ಎರಡನೆಯ ಭಾನುವಾರ ಮಧ್ಯಾಹ್ನ, ಆಂಟಾಪ್ ಹಿಲ್‌ನ ಜೋಪಡಿಯೊಂದರ ಮುಂದೆ, ಒಬ್ಬರ ತಲೆಯ ಹೇನನ್ನು ಒಬ್ಬರು ನೋಡುತ್ತ ಸಾಲಾಗಿ ಕೂತಿದ್ದ ಆರು ಮಂದಿ ಹೆಂಗಸರಿಗೆ. ಮರುವರ್ಷ ಅದೇ ಆಸ್ಪತ್ರೆಯ ವಾರ್ಡ್‌ಬಾಯ್ ಸಾಯಬಣ್ಣನೂ ಇದನ್ನೇ ಹೇಳಿದ. ಇಬ್ಬರ ಮಾತು ಒಂದು ಕಡೆ ಬೇರೆಯಾಗುತ್ತದೆ. ಅಲ್ಲಿ ಹಾಗೆಂದು ಬರೆದಿದ್ದೇನೆ. ಆಸ್ಪತ್ರೆಯ ಹೆಸರು ಹಾಕಬೇಡಿ ಎಂದು ಇಬ್ಬರೂ ಕೇಳಿಕೊಂಡರು.

ಚನ್ನವ್ವ ಬೈಗುಳದಿಂದಲೇ ಆರಂಭಿಸಿದಳು.

“ಏ ಅಂಬೂಬಾಯಿ, ತೂ ಡಾಕ್ಟರ್ ಹೈ ಕ್ಯಾ? ತೋಂಡ್ ಬಂದ್ ಠೇವ್!”

ನೀನೇನು ಡಾಕ್ಟರೇ, ಬಾಯಿ ಮುಚ್ಚು ಎಂದು ಬೈದವಳು ಹೆಂಗಸರ ವಾರ್ಡಿನ ಸಿಸ್ಟರ್ ಮೋಹಿನಿ. ಬೈಸಿಕೊಂಡವಳು ಅಂಬವ್ವ, ಚನ್ನವ್ವನ ಜೊತೆಯ ಆಯಾ. ಮೂರನೇ ಕಾಟಿನ ಮುದುಕಿಯ ಕಾಲನ್ನು ಬಿಸಿನೀರಿನ ಬಟ್ಟೆಯಲ್ಲಿ ಒರೆಸುತ್ತಿದ್ದವಳು ತಲೆ ಎತ್ತದೆ ಒಂದು ಮಾತು ಹೇಳಿದ್ದಳು: “ಈ ಯವ್ವ ಮಧ್ಯಾಹ್ನ ಕಾಣಾಂಗಿಲ್ರೀ ಸಿಸ್ಟರ್.” ಪಕ್ಕದಲ್ಲೇ ಮುದುಕಿಯ ಮಗಳು ಚಹಾದ ಲೋಟ ಹಿಡಿದು ನಿಂತಿದ್ದಳು.

ಮುದುಕಿ ಹನ್ನೊಂದೂವರೆಗೆ ಸತ್ತಳು.

ಅಂಬವ್ವನಿಗೆ ಇದನ್ನು ಯಾರೂ ಕಲಿಸಿರಲಿಲ್ಲ. ಊರಿನಲ್ಲಿ ಅವಳ ಕೇರಿಯ ಗಂಡಸರ ಕೆಲಸವೆಂದರೆ ಮೇಲಿನವರ ಮನೆಯಲ್ಲಿ ಸಾವಾದಾಗ ಸುತ್ತಲ ಊರುಗಳಿಗೆ ಸುದ್ದಿ ಒಯ್ಯುವುದು, ಕುಣಿ ತೋಡುವುದು. ಜೀವ ಇರುವಾಗಲೇ ಕರೆಸಿ ಅಂಗಳದಾಚೆ ಕೂರಿಸಿರುತ್ತಿದ್ದರು. ಅಪ್ಪನ ಜೊತೆ ಕೂತು ಕಾದ ಹುಡುಗಿಗೆ ಸಾವು ಬರುವ ದಾರಿ ತಿಳಿಯಿತು. ಬಿಸಿನೀರು ಸೋಕಿದರೂ ಬೆಚ್ಚಗಾಗದ ಒಂದು ತಂಪು ಬೆರಳಿನಿಂದ ಹಿಮ್ಮಡಿಗೆ, ಹಿಮ್ಮಡಿಯಿಂದ ಮೊಣಕಾಲಿಗೆ ಏರುತ್ತದೆ. ಆ ಕೆಲಸ ಬಿಟ್ಟು ಬರಬೇಕೆಂದೇ ಅವಳು ಮುಂಬಯಿಗೆ ಬಂದಿದ್ದಳು. ಒಂಬತ್ತು ವರ್ಷ ಆಸ್ಪತ್ರೆಯಲ್ಲಿ ಬದಲಿ ಆಯಾ ಆಗಿಯೇ ಇದ್ದಳು; ಕಾಯಂ ಆಗಿರಲಿಲ್ಲ.

ಆವತ್ತು ಸಂಜೆ ಮೋಹಿನಿ ಅವಳನ್ನು ಕೈತೊಳೆಯುವ ತೊಟ್ಟಿಯ ಹತ್ತಿರ ಕರೆದಳು. “ಹೇಳಬೇಡ. ಮಂದಿ ಕೇಳತದೆ, ರೋನಾ ಧೋನಾ ಮಾಡತದೆ. ನಿನಗೆ ಗೊತ್ತಾದರೆ ಕಪಡಾ ಹಾಂಗೇ ಕಂಬಿ ಮೇಲೆ ಠೇವ್. ನಾನು ನೋಡಿಕೊಳ್ತೆ.”

ಅಷ್ಟೇ. ಅಂದಿನಿಂದ ಅಂಬವ್ವ ಬೆಳಗಿನ ಏಳು ಗಂಟೆಗೆ ಕಾಲು ಒರೆಸುತ್ತ ಹೋಗುವಳು. ತಂಪು ಹಿಮ್ಮಡಿ ದಾಟಿದ್ದರೆ ಹಳದಿ ಬಟ್ಟೆಯನ್ನು ಆ ಕಾಟಿನ ಕಾಲುಕಂಬಿಯ ಮೇಲೆ ಬಿಟ್ಟು ಮುಂದಿನ ಕಾಟಿಗೆ ಬೇರೆ ಬಟ್ಟೆ ತೆಗೆದುಕೊಳ್ಳುವಳು. ಮೊದಮೊದಲು ಮೋಹಿನಿ ಅಂಥವರ ಮನೆಯವರನ್ನು ಕರೆಸಿ ಬಾಯಿಗೆ ನೀರು ಬಿಡಿಸುತ್ತಿದ್ದಳು. ಆಮೇಲೆ ಯಾರು, ಯಾವ ದಿನ ಆ ಗುರುತನ್ನು ಬೇರೆ ಕೆಲಸಕ್ಕೆ ಬಳಸತೊಡಗಿದರೋ ಚನ್ನವ್ವನಿಗೂ ಸಾಯಬಣ್ಣನಿಗೂ ಹೇಳಲಾಗಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಒಂದು ಕರಿಯ ಫಲಕವಿತ್ತು. ತಿಂಗಳಿಗೆ ದಾಖಲಾದವರೆಷ್ಟು, ಗುಣವಾದವರೆಷ್ಟು, ಸತ್ತವರೆಷ್ಟು ಎಂದು ಅದರಲ್ಲಿ ಬರೆಯುತ್ತಿದ್ದರು. ಸತ್ತವರ ಸಂಖ್ಯೆ ಕಡಿಮೆಯಾದಷ್ಟೂ ಟ್ರಸ್ಟಿಗಳು ಆ ಫಲಕದ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಿದ್ದರು. ಒಂದು ಮಳೆಗಾಲದಿಂದ ಇನ್ನೊಂದು ಮಳೆಗಾಲದ ಒಳಗೆ, ಬಟ್ಟೆ ಬಿದ್ದ ಕಾಟಿನ ಕಾಗದದ ಮೇಲೆ ಡಾಕ್ಟರ್ ಜಯಸಿಂಹ ‘ಗುಣಮುಖ. ಮನೆ ಊಟ’ ಎಂದು ಬರೆಯುವುದು ರೂಢಿಯಾಯಿತು. ಬರೆದ ಮೇಲೆ ಮಧ್ಯಾಹ್ನದೊಳಗೆ ಡಿಸ್ಚಾರ್ಜ್. ಸಾವು ಟ್ಯಾಕ್ಸಿಯಲ್ಲೋ ಚಾಳಿನಲ್ಲೋ ಆಗುತ್ತಿತ್ತು, ಫಲಕದಲ್ಲಿ ಆಗುತ್ತಿರಲಿಲ್ಲ.

“ಮನಿಯವರು ಖುಷೀಲೆ ಪೇಢೆ ತಂದ್ಕೊಡ್ತಿದ್ರು ನೋಡ್ರವ್ವಾ,” ಎಂದಳು ಚನ್ನವ್ವ. “ನಮ್ಮ ಅಕ್ಕಗ ಆರಾಮಾತು ಅಂತ. ನಾವು ತಿಂತಿದ್ವಿ. ಏನ್ ಮಾಡೂದು, ತಿಂತಿದ್ವಿ.”

1987ರ ಜುಲೈ. ಎಂಟು ದಿನದಿಂದ ಬಿಸಿಲು ಕಂಡಿರಲಿಲ್ಲ. ತಾರಸಿಯ ಮೇಲೆ ಒಣಹಾಕಿದ್ದೆಲ್ಲ ಮುಗ್ಗುಲು ಹಿಡಿದಿತ್ತು. ಹನ್ನೊಂದನೇ ಕಾಟಿನಲ್ಲಿ ಕಾಶವ್ವ ಎಂಬ ಹೆಂಗಸಿದ್ದಳು. ಕಟ್ಟಡದ ಮೇಲೆ ಇಟ್ಟಿಗೆ ಹೊರುವವಳು, ಟೈಫಾಯ್ಡ್. ಜ್ವರ ಇಳಿಯತೊಡಗಿತ್ತು, ಸಲೈನ್ ಇನ್ನೂ ಇತ್ತು. ಆ ಕಾಟಿನ ನೇರ ಮೇಲೆ ಫ್ಯಾನ್ ತಿರುಗುತ್ತಿತ್ತು. ವಾರ್ಡಿನ ಉಳಿದ ಫ್ಯಾನುಗಳು ಕೆಟ್ಟಿದ್ದವು. ಅಂಬವ್ವ ಹಿಂಡಿದ ಬಟ್ಟೆಯೊಂದನ್ನು ಒಣಗಲಿ ಎಂದು ಅವಳ ಕಾಟಿನ ಕಂಬಿಗೆ ಹಾಕಿದಳು.

“ಅಕ್ಕಾ, ನನಗ ಮಜ್ಜಿಗಿ ಅನ್ನ ಕೊಡ್ತಾರನ ಇವತ್ತು?” ಎಂದು ಕಾಶವ್ವ ಕೇಳಿದಳಂತೆ.

“ಕೇಳ್ತೀನಿ ತಡಿಯವ್ವಾ,” ಎಂದು ಅಂಬವ್ವ ಗಂಜಿಯ ಬಕೆಟ್ಟು ತರಲು ಕೆಳಗೆ ಹೋದಳು. ಅಡುಗೆಮನೆಯಲ್ಲಿ ಸಾಲು ದೊಡ್ಡದಿತ್ತು. ತಿರುಗಿ ಬರುವಷ್ಟರಲ್ಲಿ ರೌಂಡ್ ಮುಗಿದಿತ್ತು, ಹನ್ನೊಂದನೇ ಕಾಟಿನ ಸೂಜಿ ಕಿತ್ತಿದ್ದರು, ಹಾಸಿಗೆ ಖಾಲಿಯಾಗಿತ್ತು.

ಗಂಡ ಮರೆಪ್ಪ ಅವಳನ್ನು ಲೋಕಲ್‌ನಲ್ಲಿ ದಾದರಿಗೆ ಒಯ್ದ. ಗಾಡಿ ಬದಲಿಸಲು ಸೇತುವೆ ಹತ್ತುವಾಗ ನಡುವಿನ ಮೆಟ್ಟಿಲ ಮೇಲೆ ಅವಳು ಹೊಟ್ಟೆ ಹಿಡಿದು ಕೂತಳು, ಏಳಲಿಲ್ಲ.

ಮರುದಿನ ಬೆಳಗ್ಗೆ ಮರೆಪ್ಪ ಆಸ್ಪತ್ರೆಯ ಗೇಟಿನಲ್ಲಿ ನಿಂತಿದ್ದ. ಹೆಣ ಶವಾಗಾರದಲ್ಲಿತ್ತು. ಡಿಸ್ಚಾರ್ಜ್ ಕಾಗದದಲ್ಲಿ ಗುಣಮುಖ ಎಂದಿದೆ, ಗುಣವಾದ ಹೆಂಗಸು ಗಂಡನ ಕೈಯಲ್ಲಿ ಮೆಟ್ಟಿಲ ಮೇಲೆ ಹೇಗೆ ಸತ್ತಳು ಎಂದು ಹವಾಲ್ದಾರ ಅವನ ಕಪಾಳಕ್ಕೆ ಹೊಡೆದು ಕೇಳಿದ್ದ. ಕಾಯಿಲೆ ಇತ್ತೆಂದು ಆಸ್ಪತ್ರೆಯ ಚೀಟಿ ತಂದರೆ ಹೆಣ, ಇಲ್ಲವಾದರೆ ಕೇಸು.

“ಯಕ್ಕಾ, ಆರಾಮಾಗ್ಯಾಳಂತ ಯಾಕ ಬರದ್ರು?” ಎಂದು ಮರೆಪ್ಪ ಬಕೆಟ್ಟು ಹಿಡಿದು ಒಳಗೆ ಹೋಗುತ್ತಿದ್ದ ಅಂಬವ್ವನನ್ನು ಕೇಳಿದ. “ನಾ ಹೊತ್ಕೊಂಡ ಬಂದಿದ್ದೆ ಆಕೀನ್ನ. ಹೊತ್ಕೊಂಡ ಹೋದೆ. ಆರಾಮಾದಾಕಿ ನಡೀಬೇಕಲ್ಲ?”

ಅಂಬವ್ವ ಬಕೆಟ್ಟನ್ನು ಅಲ್ಲೇ ಇಟ್ಟು ಆಡಳಿತಾಧಿಕಾರಿಯ ಕೋಣೆಗೆ ಹೋದಳು.

ಆಡಳಿತಾಧಿಕಾರಿ ಕೇಶವಮೂರ್ತಿ ಮೈಸೂರಿನವರು, ಮೃದುಭಾಷಿ. ಮೇಜಿನ ಮೇಲೆ ಒಂದು ಕಾಗದವೂ ಓರೆಯಾಗಿರುತ್ತಿರಲಿಲ್ಲ. ಅಂಬವ್ವ ಹೊಸ್ತಿಲ ಹೊರಗೆ ನಿಂತೇ ಮಾತಾಡಬೇಕಿತ್ತು. ಅದನ್ನೂ ಯಾರೂ ಹೇಳಿರಲಿಲ್ಲ.

“ಸರ, ಅದು ಒಣಾಕ ಹಾಕಿದ್ದ ಬಟ್ಟೀರಿ. ಆಕೀ ಕಾಲು ಬೆಚ್ಚಗಿದ್ದುವು. ಡಾಕ್ಟರು ಬಟ್ಟಿ ನೋಡಿ ಕಳಿಸ್ಯಾರ, ಆಕೀನ್ನ ನೋಡಿಲ್ಲ.”

“ಯಾವ ಬಟ್ಟೆಯಮ್ಮ?”

“ದಿನಾ ಹಾಕ್ತೀನಲ್ರೀ, ಅದ.”

“ನಾನು ಯಾವತ್ತಾದ್ರೂ ನಿನಗೆ ಬಟ್ಟೆ ಹಾಕು ಅಂತ ಹೇಳಿದೀನಾ?”

“ಇಲ್ರಿ.”

“ಡಾಕ್ಟರು ಹೇಳಿದಾರಾ?”

“ಇಲ್ರಿ.”

“ಮತ್ತೆ?” ಕೇಶವಮೂರ್ತಿ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. “ನೋಡಮ್ಮ, ಕಾಯಿಲೆ ಇತ್ತು ಅಂತ ಚೀಟಿ ಕೊಟ್ರೆ, ಕಾಯಿಲೆಯವಳನ್ನ ಯಾಕೆ ಕಳಿಸಿದ್ರಿ ಅಂತ ಕೇಳ್ತಾರೆ. ಆಮೇಲೆ ಹಿಂದಿನವೆಲ್ಲ ಕೇಳ್ತಾರೆ. ನನ್ನ ಕೈಲಿ ಏನಿದೆ ಹೇಳು. ನಿನ್ನನ್ನ ಕಾಯಂ ಮಾಡೋ ಕಾಗದ ಈ ತಿಂಗಳು ಕಮಿಟಿಗೆ ಇಡೋಣ ಅಂತಿದ್ದೆ. ಈ ಬಟ್ಟೆ ಗಿಟ್ಟೆ ಮಾತು ನಿನ್ನ ಬಾಯಲ್ಲಿ ಬಂದ್ರೆ ಹೊಲಗೇರಿ ಹೆಂಗಸು ಮಾಟ ಮಾಡ್ತಿದ್ಲು ಅಂತಾರೆ ಜನ. ನಾನು ಹೇಳೋದಲ್ಲ, ಜನ.”

“ಹೆಣಾರ ಕೊಡಸ್ರಿ ಸರ.”

“ಹೋಗಮ್ಮ. ಕೆಲಸ ನೋಡು.”

ಹೊರಗೆ ಕಾರಿಡಾರಿನಲ್ಲಿ ಅವಳು ಚನ್ನವ್ವನಿಗೆ ಎದುರಾದಳು. “ಭಾಡ್ಯಾ ಕುಂತು ಮಾತಾಡ್ತಾನ ನೋಡು, ದೇವರಂಗ,” ಎಂದಳು. ದನಿಯಲ್ಲಿ ಸಿಟ್ಟು ಸಹ ಇರಲಿಲ್ಲ, ದಣಿವಿತ್ತು ಎಂದು ಚನ್ನವ್ವ ಎರಡು ಸಲ ಹೇಳಿದಳು. “ಊರಾಗ ಅಪ್ಪ ಮಂದಿ ಸತ್ತ ಮ್ಯಾಲ ಸುದ್ದಿ ಒಯ್ತಿದ್ದ. ನಾ ಅವರು ಸಾಯೂಕಿಂತ ಮೊದಲ ಒಯ್ಯಾಕತ್ತೀನಿ. ಇಷ್ಟ ಫರಕು.”

ಎರಡು ದಿನ ಮರೆಪ್ಪ ಗೇಟಿನಲ್ಲೇ ಇದ್ದ. ಮೂರನೆಯ ಬೆಳಗ್ಗೆ ಅಂಬವ್ವನನ್ನು ಎರಡನೇ ಮಹಡಿಯ ಸ್ಪೆಷಲ್ ರೂಮಿಗೆ ಕಳಿಸಿದರು. ಅಲ್ಲಿ ದೊಡ್ಡ ಟ್ರಸ್ಟಿಯ ತಾಯಿ ಮಲಗಿದ್ದಳು. ಅಂಬವ್ವ ಕಾಲು ಒರೆಸಿದಳು. ಒರೆಸಿ, ಬಟ್ಟೆಯನ್ನು ಕಂಬಿಯ ಮೇಲೆ ಹಾಕಿ, ಗೋಡೆಗೆ ಸರಿದು ನಿಂತಳು.

ಇಲ್ಲಿ ಇಬ್ಬರ ಮಾತು ಬೇರೆ. ಮುದುಕಿಯ ಕಾಲು ಮೊಣಕಾಲಿನವರೆಗೆ ನಿಜವಾಗಿಯೂ ತಣ್ಣಗಿತ್ತು, ಅಂಬವ್ವ ಸುಳ್ಳು ಬಟ್ಟೆ ಹಾಕುವವಳಲ್ಲ ಎಂದು ಚನ್ನವ್ವ ಹೇಳುತ್ತಾಳೆ. ಆ ಮುದುಕಿ ಅದೇ ವಾರ ಗುರುವಾರ ಅದೇ ಕೋಣೆಯಲ್ಲಿ, ಮೂವರು ಡಾಕ್ಟರುಗಳ ನಡುವೆ ಸತ್ತಳಂತೆ. ಸಾಯಬಣ್ಣನ ಪ್ರಕಾರ ಕಾಲು ಬೆಚ್ಚಗಿತ್ತು, ಮುದುಕಿ ಹದಿನೈದು ದಿನಕ್ಕೆ ನಡೆದು ಮನೆಗೆ ಹೋದಳು, ಈಗಲೂ ಇದ್ದಾಳೆ. ಮುಂದಿನದರಲ್ಲಿ ಇಬ್ಬರೂ ಒಂದೇ.

ಒಂಬತ್ತು ಗಂಟೆಗೆ ಟ್ರಸ್ಟಿ ಬಂದ. ಹಿಂದೆ ಡಾಕ್ಟರ್ ಜಯಸಿಂಹ, ಅವರ ಹಿಂದೆ ಕೇಶವಮೂರ್ತಿ. ಹೊಸ ಎಕ್ಸ್‌ರೇ ಯಂತ್ರದ ಮಾತು ನಡೆದಿತ್ತು. ಮಾತಾಡುತ್ತಲೇ ಡಾಕ್ಟರು ಕಾಟಿನ ಕಾಲಬಳಿ ನಿಂತರು, ಕಾಗದದ ಹಲಗೆ ಎತ್ತಿಕೊಂಡರು. ಕಣ್ಣು ಬಟ್ಟೆಯ ಮೇಲೆ ಹಾದುಹೋಯಿತು. ಯಂತ್ರ ಎಲ್ಲಿಂದ ತರಿಸಬೇಕೆಂದು ಹೇಳುತ್ತಲೇ ಕೈ ತನ್ನಷ್ಟಕ್ಕೆ ಬರೆಯಿತು: ಗುಣಮುಖ. ಮನೆ ಊಟ.

ಟ್ರಸ್ಟಿ ಬಗ್ಗಿ ನೋಡಿ, ತಾಯಿಯನ್ನು ಇವತ್ತೇ ಮನೆಗೆ ಒಯ್ಯಬಹುದೇ ಎಂದು ಹಿಗ್ಗಿನಿಂದ ಕೇಳಿದ. “ಅರೆ ವಾಹ್! ಮಾ ಠೀಕ್ ಹೋ ಗಯೀ? ಆಜ್ ಹೀ ಘರ್ ಲೇ ಜಾಯೇಂ?”

ಡಾಕ್ಟರು ತಾವು ಬರೆದದ್ದನ್ನು ಆಗ ಓದಿದರು. ಕೇಶವಮೂರ್ತಿ ಕಂಬಿಯನ್ನು ನೋಡಿದರು, ಆಮೇಲೆ ಗೋಡೆಗೆ ನಿಂತವಳನ್ನು.

ಅಂಬವ್ವ ಕನ್ನಡದಲ್ಲಿ ಹೇಳಿದಳು. ಟ್ರಸ್ಟಿಗೆ ಕನ್ನಡ ಬಾರದು. “ಕಾಶವ್ವನ ಚೀಟಿ ಬರೀರಿ ಸರ. ಬರದ್ರ ಬಟ್ಟಿ ನಾ ತಗೀತೀನಿ. ಇಲ್ಲಂದ್ರ ಈ ಬಟ್ಟಿ ಏನಂತ ಸೇಠಗ ನೀವ ಹೇಳ್ರಿ. ನೀವು ಹೇಳದಿದ್ರ ನಾ ಹೇಳ್ತೀನಿ. ನನಗ ಹಿಂದಿ ಬರತೈತಿ.”

“ಕ್ಯಾ ಬೋಲ್ ರಹೀ ಹೈ?” ಎಂದ ಟ್ರಸ್ಟಿ.

“ಕುಛ್ ನಹೀ ಸರ್,” ಎಂದರು ಕೇಶವಮೂರ್ತಿ. “ಛುಟ್ಟಿ ಮಾಂಗ್ ರಹೀ ಹೈ.”

“ತೋ ದೇ ದೋ ನಾ ಬಿಚಾರೀ ಕೋ,” ರಜೆ ಕೇಳಿದರೆ ಕೊಟ್ಟುಬಿಡಿ ಎಂದ ಟ್ರಸ್ಟಿ.

ಕೇಶವಮೂರ್ತಿ ಕಿಟಕಿಯ ಕಟ್ಟೆಯ ಮೇಲೆ ಕಾಗದವಿಟ್ಟು, ನಿಂತೇ ಬರೆದರು. ಹನ್ನೊಂದನೇ ಕಾಟಿನ ಕಾಶವ್ವ ಟೈಫಾಯ್ಡಿನಿಂದ ನರಳುತ್ತಿದ್ದಳು, ಹೋಗುವಾಗ ಕಾಯಿಲೆ ವಾಸಿಯಾಗಿರಲಿಲ್ಲ. ಬರೆದದ್ದು ಇಷ್ಟೇ. ಡಾಕ್ಟರನ್ನು ನೋಡಿದರು, ಡಾಕ್ಟರು ಸಹಿ ಮಾಡಿ, ಟ್ರಸ್ಟಿಯ ಕಡೆ ತಿರುಗಿ, ಮಾಜೀ ಇನ್ನೂ ನಾಲ್ಕು ದಿನ ಇಲ್ಲೇ ಇರಲಿ ಎಂದು ಹಲಗೆಯ ಮೇಲಿನ ಸಾಲನ್ನು ಹೊಡೆದುಹಾಕಿದರು.

ಅಂಬವ್ವ ಚೀಟಿಯನ್ನು ತಿರುಗಿಸಿ ನೋಡಿದಳು. ಅವಳಿಗೆ ಓದು ಬಾರದು. “ಸಿಕ್ಕಾ?” ಎಂದಳು.

ಆಸ್ಪತ್ರೆಯ ಮೊಹರು ಆಫೀಸಿನಲ್ಲಿತ್ತು. ತರುವವರೆಗೆ ಬಟ್ಟೆ ಕಂಬಿಯ ಮೇಲೆಯೇ ಇತ್ತು. ಮುದುಕಿ ನೀರು ಕೇಳಿದಳು. ಅಂಬವ್ವನೇ ಕುಡಿಸಿದಳು.

ಅಂದು ಸಂಜೆ ಮರೆಪ್ಪನಿಗೆ ಹೆಣ ಸಿಕ್ಕಿತು. ಮರುದಿನದಿಂದ ಅಂಬವ್ವನಿಗೆ ಕೆಲಸವಿರಲಿಲ್ಲ. ಬದಲಿಯವಳನ್ನು ಬಿಡಿಸಲು ಕಾಗದ ಬೇಕಾಗುವುದಿಲ್ಲ.

ತಲೆ ಕೊಟ್ಟು ಕೂತಿದ್ದವಳೊಬ್ಬಳು ಕೇಳಿದಳು: “ಈಗೆಲ್ಲಿದ್ದಾಳ ಆಕಿ?”

“ಯಾರಿಗ್ಗೊತ್ತವ್ವಾ. ಕಲ್ಯಾಣದ ಕಡೆ ಅಂತಾರ.”

“ನಿಮ್ಮಲ್ಲಿ ಬಟ್ಟಿ ಹಾಕೂದು ನಿಂತಿತಲ್ಲ, ಅಷ್ಟಾರ ಆತು.”

“ನಿಂತೈತಿ. ಕಂಬಿ ಮ್ಯಾಲ ಏನೂ ಇಡಬಾರದಂತ ಬೋರ್ಡ್ ಹಾಕ್ಯಾರ.” ಚನ್ನವ್ವ ಬಾಚಣಿಗೆಯನ್ನು ಉಗುರಿನಿಂದ ಕೆರೆದಳು. “ಆದ್ರ ಮನೀ ಊಟ ಬರಿಯೂದು ನಿಂತಿಲ್ಲ. ಈಗ ಏನ ನೋಡಿ ಬರೀತಾರೋ, ಯಾರು ಗುರುತು ಮಾಡ್ತಾರೋ, ನಮಗ್ಯಾರಿಗೂ ಗೊತ್ತಿಲ್ಲ. ದಿನಾ ಬೆಳಗ್ಗೆ ಕಾಲು ಒರಸ್ತೀನಿ. ಬೆಚ್ಚಗಿರತಾವ. ಮಧ್ಯಾಹ್ನ ನೋಡಿದ್ರ ಕಾಟು ಖಾಲಿ.”

ಒಬ್ಬಳು ಬಿಚ್ಚಿದ ಕೂದಲನ್ನು ಗಂಟು ಹಾಕಿಕೊಂಡಳು. ಸಂಜೆಯ ಪಾಳಿಯವರಿದ್ದರು, ಒಲೆ ಹಚ್ಚಬೇಕಾದವರಿದ್ದರು. ಸೀರೆ ಕೊಡವಿ ಎದ್ದು, ಮೊಣಕಾಲು ಹಿಡಿದು ಸ್ವಲ್ಪ ನಿಂತು, ಒಬ್ಬೊಬ್ಬರಾಗಿ ತಮ್ಮ ತಮ್ಮ ಮನೆಗೆ ಹೋದರು.